ಮಾವನವರ ಕಂಪನಿ ತೋಟೆ

ನಮ್ಮ ಮಾವನವರು ಯಾರನ್ನೂ ಕೊಂದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಅವರ ಪಕ್ಕದಲ್ಲಿ ಕೂತವರು ಒಂದು ಲೋಟ ಕಾಫಿಯನ್ನು ಪೂರ್ತಿ ಕುಡಿದು ಎದ್ದದ್ದನ್ನೂ ನಾನು ಕಂಡಿಲ್ಲ. ಅರ್ಧ ಲೋಟಕ್ಕೇ ಏನಾದರೊಂದು ಸಿಡಿಯುತ್ತಿತ್ತು. ಇಲ್ಲವೇ ಸಿಡಿಯುವ ಹಾಗೆ ಆಗುತ್ತಿತ್ತು. ಅದೂ ಇಲ್ಲವೆಂದರೆ, ಸಿಡಿಯಲೇಬೇಕಾದದ್ದು ಸಿಡಿಯದೆ ನಮ್ಮೆಲ್ಲರನ್ನೂ ಉಸಿರು ಬಿಗಿಹಿಡಿದು ಕೂರಿಸುತ್ತಿತ್ತು. ಈ ಮೂರನೆಯದೇ ಎಲ್ಲಕ್ಕಿಂತ ಭಯಂಕರ!

ನಾನೋ ಹುಟ್ಟಾ ಪುಕ್ಕಲ. ಶಿರಂಗಾಲದ ಕಡೆಯವನು. ನಮ್ಮದು ರಾಗಿ, ಹೊಗೆಸೊಪ್ಪು, ಎರಡು ಎಮ್ಮೆ. ನಮ್ಮಪ್ಪ ಜೋರಾಗಿ ಸೀನಿದರೂ ನಾನು ಹಟ್ಟಿಯ ಹಿಂದೆ ಓಡುತ್ತಿದ್ದೆನಂತೆ. ಇಂಥವನಿಗೆ ಅಮ್ಮತ್ತಿಯ ಹತ್ತಿರದ ಗೌಡರ ಮನೆಯಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿ ಚೆನ್ನಾಗಿದ್ದಳು, ಜಾತಕ ಕೂಡಿತು. ಹುಡುಗಿಯ ಅಪ್ಪನ ಹವ್ಯಾಸ ಏನು ಅಂತ ಯಾವ ಜೋಯಿಸರಾದರೂ ಕೇಳುತ್ತಾರೆಯೇ?

ಆ ಕಡೆಯ ಮನೆಗಳಲ್ಲಿ ಕೋವಿಯೆಂದರೆ ಮನೆಮಗನಿದ್ದ ಹಾಗೆ. ಕೈಲ್ ಹಬ್ಬದ ದಿನ ಅದಕ್ಕೆ ಹೂವಿಟ್ಟು ಪೂಜೆ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಆಕಾಶಕ್ಕೆ ಒಂದು ಗುಂಡು. ಯಾರಾದರೂ ಸತ್ತರೆ ಎರಡು. ಊರವರು ಕಿವಿಯಲ್ಲೇ ಎಣಿಸಿ, ಒಂದಾದರೆ ನಗುತ್ತಾ ಬರುತ್ತಾರೆ, ಎರಡಾದರೆ ಹಿಡಿದ ಕೆಲಸ ಅಲ್ಲಲ್ಲೇ ಬಿಟ್ಟು ಓಡಿಬರುತ್ತಾರೆ. ಹೆಣ್ಣು ಹುಟ್ಟಿದರೆ ಗುಂಡಿಲ್ಲ, ಕಂಚಿನ ತಟ್ಟೆ ಬಡಿಯುತ್ತಾರೆ. ಮದುವೆಯ ಮಾತುಕತೆಯ ದಿನ ಇದನ್ನೆಲ್ಲ ಕೇಳಿದಾಗ, ದೇವರೇ, ನನಗೆ ಬರೀ ಹೆಣ್ಣುಮಕ್ಕಳೇ ಹುಟ್ಟಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ಇನ್ನು ಮಾವನವರ ಕೋವಿ. ಅಲ್ಲೇ ಹತ್ತಿರ ಕಾಫಿ ಎಸ್ಟೇಟು ಮಾಡಿದ್ದ ಬಿಳಿ ದೊರೆಯೊಬ್ಬ ಸೀಮೆಗೆ ವಾಪಸು ಹೋಗುವಾಗ, ಶಿಕಾರಿಯಲ್ಲಿ ಜೊತೆಯಾಗುತ್ತಿದ್ದ ಮಾವನವರಿಗೆ ತನ್ನ ರೈಫಲ್ಲು ಕೊಟ್ಟು ಹೋಗಿದ್ದ. ಒಂಟಿ ನಳಿಗೆಯದು. ಹಿಂದಿನ ಬಾಗಿಲು ತೆರೆದು ಒಂದೊಂದೇ ತೋಟೆ, ಅಂದರೆ ಮದ್ದು ಗುಂಡು ತುಂಬಿದ ಹಿತ್ತಾಳೆಯ ಕೊಳವೆ, ಒಳಗಿಟ್ಟು ಹೊಡೆಯಬೇಕು.

“ಇಡೀ ಕೊಡಗಿನಲ್ಲಿ ಇಂಥ ಕೋವಿ ಇದೊಂದೇ ಉಟ್ಟು!” ಎಂದು ಮಾವ ಎದೆಯುಬ್ಬಿಸಿ ಹೇಳುತ್ತಿದ್ದರು. ಅವರ ಮನೆಮಾತು ಅರೆಭಾಷೆ, ಅದರಲ್ಲಿ ‘ಉಟ್ಟು’ ಅಂದರೆ ‘ಇದೆ’. ನನಗಾಗಿ ಅದಕ್ಕೆ ಅರ್ಧ ನಮ್ಮ ಕನ್ನಡ ಬೆರೆಸುತ್ತಿದ್ದರು. ಹೆದರಿಸುವುದಕ್ಕೆ ಅಷ್ಟು ಸಾಕಾಗುತ್ತಿತ್ತು.

ಒಂದೇ ಇದ್ದದ್ದೇ ತೊಂದರೆಯಾದದ್ದು! ಅದರ ತೋಟೆಯೂ ಬೇರೆ ಯಾರ ಹತ್ತಿರವೂ ಇರಲಿಲ್ಲ. ಮದರಾಸಿನ ಅಂಗಡಿಯಿಂದ ತರಿಸಬೇಕು. ಬೆಲೆ ಕೇಳಿದರೆ ಕಾಡುಹಂದಿಯನ್ನು ಹೊಡೆಯುವುದಕ್ಕಿಂತ ಮಗಳ ಹಾಗೆ ಸಾಕಿ ಮದುವೆ ಮಾಡಿಕೊಡುವುದೇ ಅಗ್ಗ ಅನ್ನಿಸುತ್ತಿತ್ತು. ಅಷ್ಟರಲ್ಲಿ ಜರ್ಮನ್ ಯುದ್ಧ ಬಂತು. ಹಡಗುಗಳು ನಿಂತವು, ತೋಟೆಯೂ ನಿಂತಿತು.

ಬೇರೆ ಯಾರಾದರೂ ಆಗಿದ್ದರೆ ಕೋವಿಗೆ ಎಣ್ಣೆ ಸವರಿ ಗೋಡೆಗೆ ತೂಗುಹಾಕಿ ಸುಮ್ಮನಾಗುತ್ತಿದ್ದರು. ಮಾವನವರು ಸುಮ್ಮನಾಗುವ ಜಾತಿಯಲ್ಲ. ಪಟಾಲಮ್ಮಿನ ಸಿಪಾಯಿಗಳು ಗುರಿ ಅಭ್ಯಾಸ ಮಾಡಿ ಬಿಸಾಡಿದ ಹಳೇ ಬಂದೂಕಿನ ಖಾಲಿ ತೋಟೆಗಳು ಆಗ ಹಳೇ ಹಿತ್ತಾಳೆಯ ಬೆಲೆಗೆ ಸಿಗುತ್ತಿದ್ದವು. ಅವನ್ನು ಮೂಟೆಗಟ್ಟಲೆ ಹೊತ್ತು ತಂದರು. ಅವೋ ಈ ಕೋವಿಗೆ ದಪ್ಪ, ಉದ್ದವೂ ಹೆಚ್ಚು, ಕತ್ತು ಇರಬೇಕಾದ ಜಾಗದಲ್ಲಿ ಇಲ್ಲ.

“ಹಿತ್ತಾಳೆ ಅಲ್ಲವಾ, ಹೇಳಿದ ಹಾಗೆ ಕೇಳ್ತದೆ” ಅಂದರು ಮಾವ.

“ಕಟ್ಟಿಕೊಂಡ ಹೆಂಡತಿಯೇ ಕೇಳುದಿಲ್ಲೆ, ಹಿತ್ತಾಳೆ ಕೇಳ್ತದಾ?” ಅಂದರು ಅತ್ತೆ.

ಕಮ್ಮಾರನಿಂದ ಉಕ್ಕಿನ ಅಚ್ಚು ಮಾಡಿಸಿದರು. ಎಸ್ಟೇಟಿನವರು ಮೂಲೆಗೆ ಎಸೆದಿದ್ದ, ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಸ್ಕ್ರೂ ತಂದು, ತೋಟೆಯನ್ನು ಅಚ್ಚಿನೊಳಗೆ ಒತ್ತುವ ಯಂತ್ರ ಕಟ್ಟಿದರು. ಒತ್ತುವಾಗ ಅಂಟಬಾರದೆಂದು ಹಂದಿಯ ನೆಣ ಸವರುತ್ತಿದ್ದರು. ನೆಣ ಹೆಚ್ಚಾದರೆ ತೋಟೆಯ ಭುಜ ಒಳಕ್ಕೆ ತಗ್ಗುತ್ತದೆ, ಕಡಿಮೆಯಾದರೆ ಅಚ್ಚಿನಲ್ಲೇ ಕಚ್ಚಿಕೊಳ್ಳುತ್ತದೆ. ಅಡುಗೆಮನೆಯ ನೆಣದ ಭರಣಿ ಖಾಲಿಯಾದ ದಿನವೆಲ್ಲ ಆ ಮನೆಯಲ್ಲಿ ಯುದ್ಧ. ಜರ್ಮನ್ ಯುದ್ಧ ಒಂದು ಕಡೆ, ಇದೊಂದು ಕಡೆ.

ನಾನು ಹೊಸ ಅಳಿಯನಾಗಿ ಹೋದ ಮೊದಲ ಸಲ ಎಣ್ಣೆಸ್ನಾನದ ಏರ್ಪಾಡಾಯಿತು. ಬಚ್ಚಲಮನೆಗೆ ಹೋಗಿ ಎರಡು ಚೊಂಬು ನೀರು ಹುಯ್ದುಕೊಂಡಿದ್ದೆ. ಪಕ್ಕದಲ್ಲಿ ಹಂಡೆಯ ಒಲೆ. ಒಲೆಯ ಮುಂದೆ ಒಂದು ಕಂಚಿನ ತಟ್ಟೆ, ತಟ್ಟೆಯಲ್ಲಿ ನೀರು, ನೀರಿನಲ್ಲಿ ಸಾಲಾಗಿ ನಿಂತ ಏನೋ ಹಿತ್ತಾಳೆಯ ಸಾಮಾನು. ಮೇಲೆ ಕೆಂಡ ಹರಡಿತ್ತು, ಸಾಮಾನಿನ ಕತ್ತೆಲ್ಲ ನಿಗಿನಿಗಿ ಕೆಂಪು. ಅಳಿಯನ ಮರ್ಯಾದೆಗೆ ಹಚ್ಚಿಟ್ಟ ಧೂಪವೋ ದೀಪವೋ ಇರಬೇಕೆಂದು ಖುಷಿಪಟ್ಟೆ! ಆಗ ಹೊರಗಿನಿಂದ ಮಾವನ ಧ್ವನಿ ಬಂತು.

“ಅಳಿಯಂದಿರೇ, ಒಲೆಯಲ್ಲಿ ತೋಟೆ ಉಟ್ಟು! ಮುಟ್ಟಬೇಡಿ!”

ಮುಟ್ಟುವ ಮಾತೆಲ್ಲಿ ಬಂತು? ಮೈತುಂಬ ಎಣ್ಣೆ, ಸೊಂಟದಲ್ಲಿ ಒದ್ದೆ ತುಂಡುಬಟ್ಟೆ, ನಾನಾಗಲೇ ಅಂಗಳದಲ್ಲಿದ್ದೆ. ಅಂಗಳದಲ್ಲಿ ಅಳಿಯನನ್ನು ನೋಡಲು ಬಂದ ನೆಂಟರ ಹೆಂಗಸರೆಲ್ಲ ಚಾಪೆ ಹಾಸಿ ಕೂತಿದ್ದರು. ಅವರು ನೋಡಲು ಬಂದದ್ದನ್ನು ಚೆನ್ನಾಗಿಯೇ ನೋಡಿದರು.

“ಖಾಲಿ ತೋಟೆ, ಖಾಲಿ! ಹಿತ್ತಾಳೆ ಮೆತ್ತಗಾಗಲಿ ಅಂತ ಕಾಯಿಸಿದ್ದು!” ಎಂದು ಮಾವ ಕೈ ಬೀಸುತ್ತಾ ಓಡಿಬಂದರು. ಖಾಲಿ ಎಂಬ ಮಾತನ್ನು ಮೊದಲು ಹೇಳಬೇಕೋ, ಕೊನೆಗೆ ಹೇಳಬೇಕೋ, ನೀವೇ ಹೇಳಿ!

ಆ ಕಂಚಿನ ತಟ್ಟೆ ಅತ್ತೆಯ ತವರಿನಿಂದ ಬಂದದ್ದು. ನನ್ನ ಹೆಂಡತಿ ಹುಟ್ಟಿದಾಗ ಬಡಿದದ್ದೂ ಅದನ್ನೇ. ದಿನಾ ಮೇಲಿನಿಂದ ಕೆಂಡ, ಕೆಳಗೆ ತಣ್ಣೀರು. ಕಂಚಿಗೆ ಅದು ಎಷ್ಟು ದಿನ ತಡೆದೀತು? ಒಂದು ದಿನ ಅಂಚಿನಿಂದ ನಡುವಿನವರೆಗೆ ಸೀಳಿತು. ಅತ್ತೆ ಒಂದು ವಾರ ಮಾತು ಬಿಟ್ಟರು. ಮಾವನಿಗೆ ಅದು ಗೊತ್ತಾದದ್ದು ವಾರ ಕಳೆದ ಮೇಲೆ, ಅತ್ತೆ ಮತ್ತೆ ಬಯ್ಯಲು ಶುರುಮಾಡಿದಾಗ.

ಮುಂದಿನದು ಎಲೆಅಡಿಕೆಯ ಕತೆ. ಇದನ್ನು ಬರೆಯುವಾಗ ಈಗಲೂ ದವಡೆ ಜುಮ್ಮೆನ್ನುತ್ತದೆ. ತೋಟೆಯ ಬುಡದಲ್ಲಿ ಕೇಪು ಅಂತ ಒಂದು ಇರುತ್ತದೆ. ಉದ್ದಿನಕಾಳಿಗಿಂತ ತುಸು ದೊಡ್ಡ ತಾಮ್ರದ ಬಟ್ಟಲು. ಕೋವಿಯೊಳಗಿನ ಮೊಳೆ ಬಡಿದರೆ ಅದೇ ಸಿಡಿದು ಮದ್ದಿಗೆ ಬೆಂಕಿ ಹತ್ತಿಸುವುದು. ಮಾವ ಅದನ್ನು ಎಲ್ಲಿ ಇಡುತ್ತಿದ್ದರು ಗೊತ್ತೇ? ತೇವ ತಾಗಬಾರದೆಂದು ಎಲೆಅಡಿಕೆ ಪೆಟ್ಟಿಗೆಯಲ್ಲಿ, ಅಡಿಕೆಚೂರಿನ ಪಕ್ಕದ ಗೂಡಿನಲ್ಲಿ! ಊಟವಾದ ಮೇಲೆ ನಾನು ಕತ್ತಲೆಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಉದುರಿಸಿ, ಮಡಚಿ ಬಾಯಿಗಿಟ್ಟೆ. ಹಲ್ಲಿಗೆ ಏನೋ ಗಟ್ಟಿ ತಾಗಿತು.

ಮಾವ ಪೆಟ್ಟಿಗೆಯನ್ನು ನೋಡಿದರು. ನನ್ನನ್ನು ನೋಡಿದರು. ಅವರ ಮುಖದ ಬಣ್ಣ ಇಳಿಯಿತು.

“ಕಚ್ಚಬೇಡಿ” ಅಂದರು, ಬಹಳ ಮೆಲ್ಲಗೆ.

ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಾಯಿ ತೆರೆದವನು ತೆರೆದ ಹಾಗೇ ಇದ್ದೆ. ಕೆಂಪು ಜೊಲ್ಲು ಮದುವೆಯ ಜರತಾರಿ ಪಂಚೆಯ ಮೇಲೆ ಸುರಿಯಿತು. ಅತ್ತೆ ದೀಪ ಹಿಡಿದರು, ಹೆಂಡತಿ ತಲೆ ಹಿಡಿದಳು, ಮಾವ ಎರಡು ಬೆರಳು ಬಾಯಿಗೆ ಹಾಕಿ ಕೇಪನ್ನು ಹೊರಗೆ ತೆಗೆದರು. ಒರೆಸಿ, ಬೆಳಕಿಗೆ ಹಿಡಿದು, “ನೆನೆದು ಹೋಯ್ತಲ್ಲ!” ಎಂದು ಮರುಗಿದರು. ಕೇಪಿಗಾಗಿ!

ಹೀಗೆ ಹುಟ್ಟಿದ ತೋಟೆಗಳು ಹೊಡೆಯುವ ಸದ್ದೇ ಬೇರೆ. ಕಂಪನಿಯಿಂದ ಬಂದ ಅಸಲಿ ತೋಟೆ ‘ಢಂ’ ಎಂದು ಒಂದೇ ಮಾತು ಆಡಿ ಮುಗಿಸುತ್ತದೆ. ಮಾವನದು ಮೊದಲು ‘ಭುಸ್’ ಎಂದು ಯೋಚಿಸಿ, ಆಮೇಲೆ ‘ಢಂ’ ಅನ್ನುತ್ತಿತ್ತು. ಕೆಲವು ಭುಸ್ಸಿನಲ್ಲೇ ನಿಲ್ಲುತ್ತಿದ್ದವು. ಕೆಲವು ಅದನ್ನೂ ಅನ್ನುತ್ತಿರಲಿಲ್ಲ. ಹೊಸ ತೋಟೆಗಳನ್ನು ಪರೀಕ್ಷೆ ಮಾಡುವಾಗ ಕೋವಿಯನ್ನು ಹಲಸಿನ ಮರಕ್ಕೆ ಬಿಗಿದು, ಅದರ ಕುದುರೆಗೆ, ಅಂದರೆ ಬೆರಳಿನಲ್ಲಿ ಎಳೆಯುವ ಕೊಂಡಿಗೆ, ಹಗ್ಗ ಕಟ್ಟಿ, ಮಣ್ಣಿನ ದರೆಯ ಹಿಂದೆ ಬೋರಲು ಮಲಗಿ ಎಳೆಯುತ್ತಿದ್ದರು. ಎಳೆಯುವ ಗೌರವ ಅಳಿಯನಿಗೆ. ನಾನು ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು, ಹೆಂಡತಿಯನ್ನು ನೆನೆದು, ಕೊನೆಗೆ ಹಗ್ಗ ಎಳೆಯುತ್ತಿದ್ದೆ. ಹೊಡೆಯದಿದ್ದರೆ ಮಾವನದು ಒಂದೇ ಕಟ್ಟಳೆ.

“ಹೊಡೆಯಲಿಲ್ಲೆ ಅಂತ ಕೂಡಲೆ ಬಾಗಿಲು ತೆರೆಯಬಾರದು. ಒಳಗೆ ಬೆಂಕಿ ಮಲಗಿರ್ತದೆ. ಒಂದು ಎಲೆಅಡಿಕೆ ಜಗಿದು ಮುಗಿಯುವಷ್ಟು ಹೊತ್ತು ಕಾಯಬೇಕು. ನಳಿಗೆ ಆಕಾಶ ನೋಡ್ತಾ ಇರಲಿ, ನೀವು ಜಗೀತಾ ಇರಿ.”

ಈ ಕಟ್ಟಳೆಯನ್ನು ಅವರೇ ಒಂದು ಸಲ ಕಾಡಿನಲ್ಲಿ ಪಾಲಿಸಿದರಂತೆ. ಎದುರಿಗೆ ಕೋರೆಯ ಹಂದಿ. ಕುದುರೆ ಎಳೆದರು, ಟಿಕ್ ಅಂತು, ಅಷ್ಟೇ. ಹಂದಿ ಇವರನ್ನು ನೋಡಿತು. ಇವರು ಸೊಂಟದ ಚೀಲದಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಜಗಿಯಲು ಶುರುಮಾಡಿದರು. ಇಂಥ ಮನುಷ್ಯನನ್ನು ಹಂದಿ ಅದುವರೆಗೆ ಕಂಡಿರಲಿಲ್ಲವೋ ಏನೋ, ತಿರುಗಿ ಹೋಯಿತು!

ಒಂದು ದಿನ ಮಾವ ನನ್ನನ್ನು ಒಳಗೆ ಕರೆದು ಮರದ ಪೆಟ್ಟಿಗೆ ತೆರೆದರು. ಅವರು ಮದುವೆಯಲ್ಲಿ ತೊಟ್ಟಿದ್ದ ನಿಲುವಂಗಿ, ಆ ಕುಪ್ಪಸದ ಅಡಿಯಲ್ಲಿ ರೇಷ್ಮೆ ವಸ್ತ್ರದ ಗಂಟು. ಗಂಟಿನಲ್ಲಿ ಮದರಾಸಿನಿಂದ ಬಂದ ಅಸಲಿ ಕಂಪನಿ ತೋಟೆ, ಎರಡು. ಫಳಫಳ ಹೊಳೆಯುತ್ತಿದ್ದವು.

“ಇದು ನನಗೆ” ಅಂದರು.

ನನಗೆ ಅರ್ಥವಾಗಲಿಲ್ಲ.

“ನಾನು ಹೋದ ದಿನ ಅಂಗಳದಲ್ಲಿ ಹೊಡೆಯಲಿಕ್ಕೆ. ನಾನು ಮಾಡಿದ್ದರಲ್ಲಿ ನನಗೆ ನಂಬಿಕೆ ಉಟ್ಟು. ಆದರೂ ಆ ದಿನ ಭುಸ್ ಅಂದುಬಿಟ್ಟರೆ? ಊರವರು ನಗುದಿಲ್ಲವಾ, ನೋಡು ಮುದುಕ ತನ್ನ ಸಾವನ್ನೂ ಅಗ್ಗದಲ್ಲಿ ಮಾಡಿಕೊಂಡ ಅಂತ?” ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು. “ನನಗೆ ಗಂಡು ಮಕ್ಕಳಿಲ್ಲೆ. ಹೊಡೆಯುವವರು ನೀವು.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ದಿನದಿಂದ ಮಾವನವರು ಕೆಮ್ಮಿದರೆ ನನ್ನ ಕೈ ನಡುಗುತ್ತಿತ್ತು. ಅವರು ನೂರು ಕಾಲ ಬಾಳಲೆಂದು ನನ್ನಷ್ಟು ಭಕ್ತಿಯಿಂದ ಬೇಡಿದ ಅಳಿಯ ಇನ್ನೊಬ್ಬನಿರಲಾರ!

ಆಗ ನಾನು ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಹಣ್ಣು ಕೊಯ್ಯುವ ಪಿಕ್ಕಿಂಗಿನ ಕಾಲ. ಬೆಳಗಿನಿಂದ ನೋವು ಶುರುವಾಗಿದೆ, ಸೂಲಗಿತ್ತಿಯ ಮುಖ ಚೆನ್ನಾಗಿಲ್ಲ ಎಂದು ಅಮ್ಮತ್ತಿಯ ಸಂತೆಯಿಂದ ಬಂದವರೊಬ್ಬರು ಹೇಳಿದರು. ಕಾಫಿಹಣ್ಣು ಅಳೆಯುವ ಕೆಲಸವನ್ನು ಯಾರದೋ ಕೈಗೆ ಕೊಟ್ಟು ಹೊರಟೆ. ನಡೆದೆನೋ, ಓಡಿದೆನೋ ನೆನಪಿಲ್ಲ. ಮಾವನ ಮನೆಯ ಗದ್ದೆಬಯಲು ಕಾಣುವ ತಿರುವಿಗೆ ಬಂದಾಗ ಸಂಜೆ ಬಿಸಿಲು ಇನ್ನೂ ಇತ್ತು.

ಢಂ!

ಒಂದು ಗುಂಡು! ಗಂಡು ಮಗು! ನನ್ನ ಹಲ್ಲೆಲ್ಲ ಹೊರಗೆ ಬಂತು. ಮರುಕ್ಷಣವೇ ಹೊಳೆಯಿತು. ಇದರಲ್ಲಿ ಭುಸ್ ಇರಲಿಲ್ಲವಲ್ಲ! ಇಷ್ಟು ಚೊಕ್ಕದ ಸದ್ದು ಆ ಮನೆಯಲ್ಲಿ ಎರಡೇ ಎರಡು ತೋಟೆಗೆ ಇದ್ದದ್ದು. ಪೆಟ್ಟಿಗೆಯಲ್ಲಿ, ಕುಪ್ಪಸದ ಅಡಿಯಲ್ಲಿ, ಸಾವಿಗೆಂದು ಇಟ್ಟದ್ದು. ಇಲ್ಲ, ಇರಲಾರದು, ಇನ್ನೊಂದು ಕೇಳದಿರಲಿ, ಕೇಳದಿರಲಿ ಎಂದು ನಿಂತಲ್ಲೇ ಕಿವಿ ಮುಚ್ಚಿಕೊಂಡೆ. ಮುಚ್ಚಿದ ಕಿವಿಗೂ ಕೇಳಿತು.

ಢಂ!

ನಾನು ದಾರಿಯಲ್ಲೇ ಕುಸಿದು ಕೂತೆ. ಮಾವ ಸತ್ತಿದ್ದರೆ ಹೊಡೆಯಬೇಕಾದವನು ನಾನು. ಹೊಡೆದವರು ಅವರೇ. ಹಾಗಾದರೆ ಹೋದದ್ದು ಯಾರು? ಜೀವನದಲ್ಲಿ ಕೋವಿಗೆ, ಕೇಪಿಗೆ, ಕೆಂಡಕ್ಕೆ ಹೆದರಿದ್ದೆಲ್ಲ ಆಟ ಅನ್ನಿಸಿತು. ಹೆದರಿಕೆ ಅಂದರೆ ಏನೆಂದು ಆ ಮಣ್ಣಿನ ದಾರಿಯಲ್ಲಿ ಕೂತಾಗ ತಿಳಿಯಿತು. ಅಲ್ಲಿಂದ ಅಂಗಳದವರೆಗೆ ನನ್ನ ಕಾಲು ನನ್ನನ್ನು ಹೇಗೆ ಒಯ್ದಿತೋ.

ಅಂಗಳ ತುಂಬ ಜನ. ಕೆಸರುಗಾಲಿನಲ್ಲೇ ಓಡಿಬಂದವರು, ಚಟ್ಟಕ್ಕೆಂದು ಬಿದಿರು ಕಡಿದು ತಂದವರು. ಕೆಳಮನೆಯ ಅಜ್ಜಿ ಗದ್ದೆಯ ಏರಿಯಿಂದಲೇ ಎದೆ ಬಡಿದುಕೊಂಡು ಅಳುತ್ತಾ ಬರುತ್ತಿದ್ದರು. ನಡುವೆ ಮಾವ, ಕೈಯಲ್ಲಿ ಕೋವಿ, ಕೆನ್ನೆಯ ಮೇಲೆಲ್ಲ ನೀರು, ಬಾಯಿತುಂಬ ನಗು.

“ಮಾವ, ಅವಳು?”

“ಒಳಗೆ ಉಟ್ಟು. ಗಂಜಿ ಕೇಳಿಯಾಯ್ತು. ಹೆಣ್ಣು ಕುಞಿ!”

ನಡೆದದ್ದು ಇಷ್ಟು. ಮಗು ಹುಟ್ಟಿತು, ಹೆಣ್ಣು. ಅತ್ತೆ ಓಡಿಹೋಗಿ ಕಂಚಿನ ತಟ್ಟೆ ತಂದು ಬಡಿದರು. ಸೀಳಿದ ತಟ್ಟೆ ‘ಟಪ್’ ಅಂದಿತು. ಮತ್ತೆ ಬಡಿದರು, ಮತ್ತೆ ಟಪ್. “ನನ್ನ ಮೊಮ್ಮಗಳು ಬಂದದ್ದು ಒಡಕು ಮಡಕೆಯ ಸದ್ದಿನಲ್ಲಾ?” ಎಂದು ಅತ್ತೆ ಅಲ್ಲೇ ಕೂತು ಅತ್ತರು. ಮಾವ ಒಳಗೆ ಹೋಗಿ ಪೆಟ್ಟಿಗೆ ತೆರೆದು, ರೇಷ್ಮೆಯ ಗಂಟು ಬಿಚ್ಚಿ, ಬಂದು ಒಂದು ಹೊಡೆದರು. ಅಷ್ಟರಲ್ಲಿ ಒಳಗಿನಿಂದ ಸೂಲಗಿತ್ತಿ ಕೂಗಿದಳು. ಹೆತ್ತವಳು ಮೈ ತಣ್ಣಗಾಗಿ ಮಾತಿಲ್ಲದೆ ಬಿದ್ದಿದ್ದಳಂತೆ. ಈಗ ಕಣ್ಣು ಬಿಟ್ಟಳು!

“ಸತ್ತು ಬದುಕಿದ್ದು ನನ್ನ ಮಗಳು. ಅವಳೂ ಇವತ್ತೇ ಹುಟ್ಟಿದ ಹಾಗೆ ಅಲ್ಲವಾ? ಅವಳಿಗೂ ಒಂದು ಹೊಡೆದೆ” ಅಂದರು ಮಾವ.

“ಎರಡಾದರೆ ಏನರ್ಥ ಅಂತ ನಿಮಗೆ ಗೊತ್ತಿರಲಿಲ್ವಾ?” ನಾನು ಕಿರುಚಿದೆ. ಮಾವನವರ ಮೇಲೆ ನಾನು ದನಿ ಎತ್ತಿದ್ದು ಅದೊಂದೇ ಸಲ.

“ಎಣಿಸುವ ನೆನಪು ಯಾರಿಗಿತ್ತು ಅಳಿಯಂದಿರೇ?”

ಕೆಳಮನೆಯ ಅಜ್ಜಿ ಅಷ್ಟು ಹೊತ್ತಿಗೆ ಅಂಗಳ ತಲುಪಿದ್ದರು. ವಿಷಯ ತಿಳಿದು ಸೆರಗಿನಲ್ಲಿ ಮೂಗೊರೆಸಿಕೊಂಡು, “ಇಷ್ಟು ದೂರ ಅತ್ತುಕೊಂಡು ಬಂದಿದ್ದೇನೆ, ಈಗ ನಗು ಅಂದ್ರೆ ಹೇಗೆ ನಗುದು? ಸ್ವಲ್ಪ ತಡೀರಿ” ಎಂದು ಇನ್ನೊಂದು ಸುತ್ತು ಅತ್ತು ಮುಗಿಸಿಯೇ ಮಗುವನ್ನು ನೋಡಲು ಒಳಗೆ ಹೋದರು.

ಜನ ಹೋದ ಮೇಲೆ ನಾನು ಕೇಳಿದೆ, “ನಿಮಗೇಂತ ಇಟ್ಟಿದ್ದ ತೋಟೆ ಎರಡೂ ಮುಗೀತಲ್ಲ ಮಾವ?”

“ಡಬ್ಬಿತುಂಬ ನಾನು ಮಾಡಿದ್ದು ಉಟ್ಟಲ್ಲ. ಭುಸ್ ಅಂದರೆ ಅನ್ನಲಿ. ಆಗ ಕೇಳಲಿಕ್ಕೆ ನಾನು ಎಲ್ಲಿರ್ತೇನೆ? ಹೆದರಿಕೆ ಹೊಡೆಯುವ ನಿಮಗೆ!”

ಯುದ್ಧ ಮುಗಿಯಿತು, ಹಡಗುಗಳು ಮತ್ತೆ ಬಂದವು. ಆದರೆ ಆ ಕೋವಿಯ ತೋಟೆ ಮಾಡುವುದನ್ನು ಕಂಪನಿಯವರೇ ಬಿಟ್ಟಿದ್ದರು. ಮಾವನಿಗೆ ಅದರಿಂದ ಒಳಗೊಳಗೇ ಖುಷಿಯಾಯಿತೆಂದು ನನ್ನ ಅನುಮಾನ. ಮೊಮ್ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಹೆಂಡತಿ ಎರಡನೆಯ ಹೆರಿಗೆಗೆ ತವರಿಗೆ ಬಂದಳು. ರಜೆ ಹಾಕಿ ನಾನೂ ಬಂದಿದ್ದೆ. ಒಂದು ಬೆಳಿಗ್ಗೆ ಕಾಫಿ ಕುಡಿದು ಮಾವ ಯಂತ್ರದ ಮುಂದೆ ಕೂತವರು, ಪಲ್ಪರಿನ ಸ್ಕ್ರೂವಿಗೆ ಹಣೆ ಒರಗಿಸಿ ಹಾಗೇ ಇದ್ದರು. ತೋಟೆ ಕಚ್ಚಿಕೊಂಡಿರಬೇಕು, ಬಗ್ಗಿ ನೋಡುತ್ತಿದ್ದಾರೆ ಅಂತ ಅತ್ತೆ ಎರಡು ಸಲ ಪಕ್ಕದಲ್ಲೇ ಹಾದುಹೋದರಂತೆ. ಮೂರನೆಯ ಸಲ ಬಯ್ಯಲೆಂದು ಭುಜ ಮುಟ್ಟಿದರು.

ಅವರ ಬೆರಳಿನಲ್ಲಿ ಇನ್ನೂ ನೆಣದ ಪಸೆ ಇತ್ತು.

ಡಬ್ಬಿಯಿಂದ ತೋಟೆ ತೆಗೆದುಕೊಂಡು ನಾನು ಅಂಗಳಕ್ಕೆ ಬಂದೆ. ಅವರದೇ ಕೈ ಕಾಯಿಸಿ, ಒತ್ತಿ, ಅರ ಹಾಕಿದ ತೋಟೆಗಳು. ಕೈ ನಡುಗೀತೆಂದು ಕಾದೆ, ನಡುಗಲಿಲ್ಲ. ನಳಿಗೆಯನ್ನು ಆಕಾಶಕ್ಕೆ ಎತ್ತಿ ಕುದುರೆ ಎಳೆದೆ. ಭುಸ್ ಇಲ್ಲ, ಯೋಚನೆ ಇಲ್ಲ, ಢಂ! ಅಸಲಿ ಕಂಪನಿ ತೋಟೆಯ ಹಾಗೆ ಒಂದೇ ಮಾತು. ನೋಡಿದಿರಾ ಮಾವ ಎಂದು ಹಿಂದೆ ತಿರುಗಿದೆ. ಆಗ ನನಗೆ ಅಳು ಬಂತು.

ಎರಡನೆಯದನ್ನು ತುಂಬಿ ಎಳೆದೆ. ಟಿಕ್.

ಬಾಗಿಲು ತೆರೆಯಬಾರದು. ಅತ್ತೆಯೇ ಎದ್ದುಬಂದು ಪೆಟ್ಟಿಗೆಯಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆಯನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿ, ಮಡಚಿ ನನ್ನ ಬಾಯಿಗಿಟ್ಟರು. ನಳಿಗೆ ಆಕಾಶ ನೋಡುತ್ತಿತ್ತು. ನಾನು ಜಗಿಯುತ್ತಾ ನಿಂತೆ.

ಗದ್ದೆಯ ಏರಿಯ ಮೇಲೆ ಕೆಳಮನೆಯ ಅಜ್ಜಿ ಬರುತ್ತಿದ್ದರು. ಒಂದೇ ಗುಂಡು ಕೇಳಿತ್ತಲ್ಲ, ಬೊಚ್ಚುಬಾಯಿ ತುಂಬ ನಗು. ಕೈಯಲ್ಲಿ ಹುಟ್ಟಿದ ಮಗುವಿನ ನಾಲಗೆಗೆ ಮುಟ್ಟಿಸಲೆಂದು ಜೇನಿನ ಕುಪ್ಪಿ.

“ಈ ಸಲ ಗಂಡಾ?” ಎಂದು ದೂರದಿಂದಲೇ ಕೂಗಿದರು.

ಅಜ್ಜಿ ಅಂಗಳಕ್ಕೆ ಬಂದರು, ತುಂಬಿದ ಬಸುರಿಯಾಗಿ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನು ನೋಡಿದರು, ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದ ಮಾವನನ್ನು ನೋಡಿದರು. ಆಮೇಲೆ, “ತಂದದ್ದನ್ನು ತಿರುಗಿ ಒಯ್ಯಬಾರದು” ಎನ್ನುತ್ತಾ ಮೆಲ್ಲನೆ ಅವರ ತಲೆಯ ಹತ್ತಿರ ಕೂತು, ಕಿರುಬೆರಳಿನಲ್ಲಿ ಜೇನು ಅದ್ದಿ ಮಾವನ ತುಟಿಗೆ ಸವರಿದರು.

ನನ್ನ ಬಾಯಿಯ ಎಲೆಅಡಿಕೆ ಯಾವಾಗಲೋ ಮುಗಿದಿತ್ತು.

“ಬೇರೆ ತೋಟೆ ತರ್ಲಾ?” ಎಂದು ಹೆಂಡತಿ ಕೇಳಿದಳು. ಡಬ್ಬಿತುಂಬ ಇದ್ದವು. ಆದರೆ ಇನ್ನೊಂದು ಹೊಡೆದರೆ ಮಾವ ಹೋದದ್ದು ನಿಜವಾಗಿಬಿಡುತ್ತದೆ ಎಂದು ನನಗೆ ವಿಪರೀತ ಹೆದರಿಕೆಯಾಯಿತು.

“ಒಳಗೆ ಬೆಂಕಿ ಮಲಗಿರ್ತದೆ, ಇನ್ನೂ ಸ್ವಲ್ಪ ಹೊತ್ತು ಕಾಯ್ತೀನಿ” ಅಂದೆ.

ಯಾರೂ ಬೇಡ ಅನ್ನಲಿಲ್ಲ.